ದೊಡ್ಡರೋಗವೂ ಸರ್ಕಾರದ ಮೊಹರೂ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರು ಸಿಕ್ಕುತ್ತದೆ. ಅದರ ಸಮೀಪದ ಬೂದಿಯ ದಿಬ್ಬವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇಂಥ ದಿಬ್ಬಗಳು ನಮ್ಮ ಸೀಮೆಯಲ್ಲಿ ಹಲವು ಉಂಟು. ಹಂಪೆಯ ಬಳಿ ನಿಂಬಾಪುರದಲ್ಲಿರುವುದನ್ನು ವಾಲಿಯ ದೇಹವನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಾರೆ. ಪುರಾತತ್ತ್ವಜ್ಞರು ಇವುಗಳನ್ನು ಅಗೆದು ನೋಡಿ, ಇದು ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಸುಟ್ಟ ಬೂದಿಯೆಂದು ನಿರ್ಧರಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಬಾಳಿದ ಜನ ದನಗಾರರು. ಅವರೇ ಮತ್ತೆ ಮತ್ತೆ ಆ ಸಗಣಿಗೆ ಬೆಂಕಿ ಇಟ್ಟವರು. ಏಕೆ ಇಟ್ಟರು ಎಂಬುದು ಇನ್ನೂ ಚರ್ಚೆಯ ವಿಷಯ. ಉಟ್ನೂರಿನ ದಿಬ್ಬವನ್ನು ಅಗೆದ ಆಲ್ಚಿನ್ ಎಂಬ ವಿದ್ವಾಂಸರು 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಇಂದಿಗೂ ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಂಥ ಆಚರಣೆಗಳಿಗೂ ಆ ಬೆಂಕಿಗೂ ನಂಟಿರಬಹುದೆಂದು ಊಹಿಸಿದರು. ಕಿಚ್ಚು ಹಾಯಿಸುವುದು ದನಕರುಗಳಿಗೆ ಬೇನೆ ಬಾರದಿರಲಿ ಎಂದು. ಆ ಊಹೆ ನಿಜವಾದರೆ, ಪಶುರೋಗವನ್ನು ತಡೆಯಲು ಬಳ್ಳಾರಿ ಸೀಮೆಯ ಜನ ಹೂಡಿದ ಮೊದಲ ಉಪಾಯದ ಗುರುತು ಕುಡತಿನಿಯ ಬೂದಿ ಎನ್ನಬೇಕು.

ದನ ಎಂಬ ಮಾತನ್ನೇ ನೋಡಿರಿ. ಅದು ಧನ ಶಬ್ದದ ತದ್ಭವವೆಂದು ಹೇಳುವುದುಂಟು. ಲ್ಯಾಟಿನ್ ಭಾಷೆಯಲ್ಲಿಯೂ ದನಕ್ಕೆ ಪೆಕುಸ್, ಹಣಕ್ಕೆ ಪೆಕೂನಿಯಾ. ಸಿರುಗುಪ್ಪದ ಗದ್ದೆಗೆ ಎಮ್ಮೆ ಕೋಣ, ಬಳ್ಳಾರಿಯ ಎರೆ ಹೊಲಕ್ಕೆ ಎತ್ತು, ಕುರುಗೋಡಿನ ಬೆಟ್ಟದ ಬುಡಕ್ಕೆ ಕುರಿ, ಇವೇ ನಮ್ಮ ಹಿರಿಯರ ಆಸ್ತಿ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನೆಂದು ಪೂಜೆಗೊಳ್ಳುವ ಬೃಹತ್ ನಂದಿಯನ್ನು ಕಂಡವರಿಗೆ, ಈ ಸೀಮೆಯಲ್ಲಿ ಎತ್ತಿಗೆ ಇದ್ದ ಸ್ಥಾನವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಂಥ ಆಸ್ತಿಗೆ ಬಂದ ಕಂಟಕಗಳಲ್ಲಿ ಅತಿ ಭಯಂಕರವಾದದ್ದು ದೊಡ್ಡರೋಗ. ಇಂಗ್ಲಿಷಿನವರು ಜರ್ಮನ್ ಮಾತನ್ನೇ ಎರವಲು ಪಡೆದು ಇದನ್ನು ರಿಂಡರ್‌ಪೆಸ್ಟ್ ಎಂದರು. ದನದ ಮಾರಿ ಎಂದೇ ಅದರ ಅರ್ಥ.

ಈ ಬೇನೆ ತಗುಲಿದ ದನಕ್ಕೆ ಮೊದಲು ಬಿರುಸಾದ ಜ್ವರ. ಅನಂತರ ಕಣ್ಣು ಮೂಗುಗಳಲ್ಲಿ ನೀರು, ಬಾಯೊಳಗೆ ಹುಣ್ಣು, ದುರ್ವಾಸನೆ, ಕೊನೆಗೆ ನಿಲ್ಲದ ಭೇದಿ. ಹೊಸದಾಗಿ ಹೊಕ್ಕ ಮಂದೆಯಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ದನ ಸತ್ತದ್ದೂ ಉಂಟು. 1890ರ ದಶಕದಲ್ಲಿ ಆಫ್ರಿಕಾ ಖಂಡದ ದನಗಾರರನ್ನು ಇದು ಹಸಿವಿಗೆ ನೂಕಿತು. ಬಿತ್ತನೆಯ ಹೊತ್ತಿಗೆ ಎತ್ತು ಸತ್ತರೆ ಆ ವರ್ಷ ಹೊಲ ಬೀಳು. ಹೊಲ ಬೀಳಾದರೆ ಮನೆಯಲ್ಲಿ ಕಾಳಿಲ್ಲ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಪ್ರಸಿದ್ಧವಾದದ್ದು. ಮೇವು ನೀರಿಲ್ಲದೆ ಸೊರಗಿದ ದನಗಳು ಉಳಿದ ಒಂದೆರಡು ಕೆರೆಕುಂಟೆಗಳ ಬಳಿ ಒತ್ತಾಗಿ ಸೇರುವ ಅಂಥ ಕಾಲವೇ ಸಾಂಕ್ರಾಮಿಕ ಬೇನೆಗೆ ಅನುಕೂಲವಾದ ಕಾಲ.

ಆಗ ಜನರಿಗೆ ಇದ್ದ ದಾರಿ ಊರಮ್ಮನಿಗೆ ಹರಕೆ. ಮಾರಿಯನ್ನು ಮೆರವಣಿಗೆಯಲ್ಲಿ ಒಯ್ದು ಊರ ಗಡಿ ದಾಟಿಸುತ್ತಿದ್ದರು. ಇದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವ ಮುನ್ನ ಒಂದು ಮಾತನ್ನು ಗಮನಿಸಬೇಕು. ಊರಿಗೆ ಕಟ್ಟು ಹಾಕಿ, ಕೆಲವು ದಿನ ಹೊರಗಿನವರು ಒಳಗೆ, ಒಳಗಿನವರು ಹೊರಗೆ ಹೋಗಕೂಡದೆಂಬ ನಿಯಮವೂ ಅನೇಕ ಕಡೆ ಇಂಥ ಆಚರಣೆಗಳ ಜೊತೆಗೆ ಇತ್ತು. ದನಗಳ ಓಡಾಟ ನಿಂತರೆ ರೋಗದ ಓಡಾಟವೂ ತಗ್ಗುತ್ತದೆ. ಆದರೆ ಗಡಿ ದಾಟಿಸುವುದರಲ್ಲಿ ಒಂದು ಕೊರತೆಯಿತ್ತು. ನಮ್ಮ ಊರಿನಿಂದ ಹೋದದ್ದು ನೆರೆಯ ಊರಿಗೆ ಹೋಯಿತು. ಆ ಊರಿಗೆ ಮುಂಚಿತವಾಗಿ ಸುದ್ದಿ ಹೇಳಿದವರು ಯಾರು? ಯಾರೂ ಇಲ್ಲ. ಈ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ಕಥೆಯೆಲ್ಲ ಇದರ ಸುತ್ತ ಸುತ್ತುತ್ತದೆ.

ಬಳ್ಳಾರಿ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಜಿಲ್ಲೆ. 1800ರಲ್ಲಿ ನಿಜಾಮನಿಂದ ಕಂಪನಿಯವರ ಕೈಗೆ ಬಂದ ಈ ಪ್ರದೇಶ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅಲ್ಲಿಯ ಕಾಯಿದೆಗಳಿಗೇ ಒಳಪಟ್ಟಿತ್ತು. ಮದರಾಸಿನಲ್ಲಿ ದನದ ರೋಗದ ಕಾಯಿದೆ ಹುಟ್ಟಿದ್ದು 1866ರಲ್ಲಿ. ಮೂರು ವರ್ಷಗಳ ಅನಂತರ, 1869ರಲ್ಲಿ, ಭಾರತ ಸರ್ಕಾರ ದನದ ಮಾರಿಯ ವಿಚಾರಣೆಗೆ ಒಂದು ಆಯೋಗವನ್ನು ನೇಮಿಸಿತು. ಹಾಲನ್ ಎಂಬ ಪಶುವೈದ್ಯರು ಅದರ ಅಧ್ಯಕ್ಷರು. 1871ರಲ್ಲಿ ವರದಿ ಹೊರಬಂತು. ಅದೇ ದಶಕದಲ್ಲಿ ಇಂಗ್ಲೆಂಡಿನವರು ರೋಗ ಹಿಡಿದ ದನಗಳನ್ನು ಕೊಂದು ತಮ್ಮ ದೇಶದಲ್ಲಿ ಈ ಬೇನೆಯನ್ನು ಅಡಗಿಸಿದ್ದರು. ನಮ್ಮ ದೇಶದಲ್ಲಿ ಆ ದಾರಿ ಹಿಡಿಯುವಂತಿರಲಿಲ್ಲ. ಬೇರೆ ದಾರಿ ಹುಡುಕಬೇಕಾಯಿತು. ಅದಕ್ಕಾಗಿ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ತೆರೆಯಿತು. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ರೋಗದ ವಿಷ ಊರುಗಳಿಗೆ ತಗುಲದಂತೆ ದೂರದ ಗುಡ್ಡ ಬೇಕಾಗಿತ್ತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯ ಮೂಲ ಅದೇ.

ಪ್ರಯೋಗಶಾಲೆಯಿಂದ ಮೊದಲು ಬಂದದ್ದು ಸೀರಂ. ರೋಗದಿಂದ ಉಳಿದ ದನದ ರಕ್ತದಿಂದ ತೆಗೆದ ತಿಳಿರಸ. ಮೈಸೂರು ಸಂಸ್ಥಾನದಲ್ಲಿ ಇದನ್ನು ತಯಾರಿಸಲು ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆ ಸ್ಥಾಪನೆಯಾಯಿತು. ಮದರಾಸಿನ ಕಡೆ 1932ರಲ್ಲಿ ರಾಣಿಪೇಟೆಯಲ್ಲಿ ಅಂಥದೇ ಸಂಸ್ಥೆ ಆಯಿತು. ಸೀರಂ ಚುಚ್ಚಿದರೆ ದನಕ್ಕೆ ರಕ್ಷಣೆ ತಟ್ಟನೆ ದೊರೆಯುತ್ತದೆ. ಆದರೆ ಅದು ಕೆಲವೇ ದಿನಗಳ ರಕ್ಷಣೆ. ರೈತನ ಕಡೆಯಿಂದ ಆಲೋಚಿಸಿರಿ. ಬೇನೆ ಬಂದಿದೆಯೆಂದು ಅವನು ಗ್ರಾಮಾಧಿಕಾರಿಗೆ ತಿಳಿಸಿದರೆ, ದನವನ್ನು ಬೇರೆ ಕಟ್ಟಬೇಕು, ಸಂತೆಗೆ ಹೊಡೆಯಕೂಡದು, ನೆರೆಯವರ ಬಾಯಿಗೆ ಬೀಳಬೇಕು. ಇಷ್ಟಕ್ಕೆ ಪ್ರತಿಫಲವಾಗಿ ಸರ್ಕಾರ ಕೊಡಬಲ್ಲದ್ದು ಎರಡು ವಾರದ ರಕ್ಷೆ. ಹೇಳದಿದ್ದರೆ? ಬೇನೆಯ ದನ ಸಾಯುವ ಮೊದಲೇ ಅದನ್ನು ವ್ಯಾಪಾರಿಗೆ ಸಾಗಹಾಕಿ ನಾಲ್ಕು ಕಾಸು ಕಂಡುಕೊಳ್ಳಬಹುದು. ಬಡವನಿಗೆ ಈ ಲೆಕ್ಕ ಸುಲಭವಾಗಿ ಹೊಳೆಯುವಂಥದು. ರೋಗಕ್ಕೆ ಇದಕ್ಕಿಂತ ಒಳ್ಳೆಯ ಗೆಳೆಯ ಬೇರೆ ಇರಲಿಲ್ಲ.

ಈ ದೋಷ ಬಡ ರೈತರ ದೇಶಕ್ಕೆ ಮಾತ್ರ ಸೇರಿದ್ದಲ್ಲ, ದೇಶದೇಶಗಳ ನಡುವೆಯೂ ಇತ್ತು. 1920ರಲ್ಲಿ ಭಾರತದಿಂದ ಬ್ರೆಜಿಲ್ ದೇಶಕ್ಕೆ ಹೊರಟ ದನಗಳು ಬೆಲ್ಜಿಯಂ ದೇಶದ ಆಂಟ್ವರ್ಪ್ ಬಂದರಿನಲ್ಲಿ ತಂಗಿದಾಗ ದೊಡ್ಡರೋಗ ಆ ದೇಶದೊಳಗೆ ಹೊಕ್ಕಿತು. ಯೂರೋಪು ನಡುಗಿತು. ಒಂದು ದೇಶದಲ್ಲಿ ಬೇನೆ ಕಂಡರೆ ಒಡನೆ ಉಳಿದ ದೇಶಗಳಿಗೆ ತಿಳಿಸಬೇಕೆಂಬ ಒಪ್ಪಂದಕ್ಕಾಗಿ 1924ರಲ್ಲಿ 28 ದೇಶಗಳು ಕೂಡಿ ಪ್ಯಾರಿಸ್ಸಿನಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. ಮಾರಿಯನ್ನು ಮೌನವಾಗಿ ಗಡಿ ದಾಟಿಸುವುದು ಸಾಕು, ಗಡಿಯಾಚೆಯವನಿಗೆ ಹೇಳೋಣ ಎಂಬ ತಿಳಿವಳಿಕೆ ಲೋಕಕ್ಕೆ ಬಂದದ್ದು ಹೀಗೆ.

ನಮ್ಮ ದೇಶದಲ್ಲಿ ರೈತನ ಲೆಕ್ಕವನ್ನು ಬದಲಾಯಿಸಿದ್ದು ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದ ಕೊನೆಯ ಭಾಗದಲ್ಲಿ ಸಿದ್ಧಪಡಿಸಿದ ಲಸಿಕೆ. ದೊಡ್ಡರೋಗದ ವಿಷಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತ ದಾಟಿಸುತ್ತ ಅದರ ಉಗ್ರತೆಯನ್ನು ಇಳಿಸಿದರು. ಒಂದೇ ಚುಚ್ಚಿನಿಂದ ದನಕ್ಕೆ ವರ್ಷಗಟ್ಟಲೆ ರಕ್ಷೆ, ಖರ್ಚೂ ಕಡಿಮೆ. ಇನ್ನು ಮುಂದೆ ಬೇನೆಯ ಸುದ್ದಿ ಹೇಳಿದವನಿಗೆ ಕೈಗೆ ಸಿಕ್ಕುವ ಲಾಭವೊಂದು ಉಂಟಾಯಿತು. ಸ್ವಾತಂತ್ರ್ಯಾನಂತರ 1954ರಲ್ಲಿ ದೊಡ್ಡರೋಗ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದ ಮರುವರ್ಷ ಅದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಸಿಕೆಯನ್ನಿಟ್ಟುಕೊಂಡು ಪಶುವೈದ್ಯ ಇಲಾಖೆಯವರು ಹಳ್ಳಿಯಿಂದ ಹಳ್ಳಿಗೆ ನಡೆದರು. 1961ರಲ್ಲಿ ರಾಜ್ಯಕ್ಕೆ ಪ್ರಾಣಿರೋಗ ನಿಯಂತ್ರಣದ ಕಾಯಿದೆಯೂ ಬಂತು. ಮನುಷ್ಯರಿಗೆ ಸಿಡುಬಿನ ಲಸಿಕೆ ಹಾಕುವುದನ್ನು ನಮ್ಮವರು ದೇವಿ ಹಾಕುವುದು ಎನ್ನುತ್ತಿದ್ದರಷ್ಟೆ. ದನಗಳಿಗೂ ಹಾಗೆ ದೇವಿ ಹಾಕಿಸಬಹುದೆಂಬ ನಂಬಿಕೆ ಬೇರೂರಲು ಸಾಕಷ್ಟು ವರ್ಷಗಳೇ ಹಿಡಿದವು.

ಕೊನೆಯ ಹಂತದ ಕಥೆ ಇನ್ನೂ ಸ್ವಾರಸ್ಯವಾದದ್ದು. ಭಾರತದಲ್ಲಿ ಈ ರೋಗ ಕಟ್ಟಕಡೆಗೆ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. ಆದರೆ ರೋಗ ಹೋಯಿತೆಂದು ಸಾಧಿಸುವುದು ಹೇಗೆ? ಲಸಿಕೆ ಹಾಕುತ್ತಿರುವವರೆಗೆ ರೋಗ ಇಲ್ಲವೋ, ಅಡಗಿದೆಯೋ ತಿಳಿಯದು. ಆದ್ದರಿಂದ ಲಸಿಕೆಯನ್ನೇ ನಿಲ್ಲಿಸಿದರು. ನಿಲ್ಲಿಸಿ, ಊರೂರಿಗೆ ಹೋಗಿ ದನಗಾರರನ್ನು ಕೇಳಿದರು: ಬಾಯಿಹುಣ್ಣಿನ ದನ ಕಂಡಿರಾ? ಭೇದಿಯಿಂದ ಮಂದೆಯಲ್ಲಿ ಸಾವಾಯಿತೆ? ರಕ್ತದ ಮಾದರಿಗಳನ್ನು ತೆಗೆದು ಪರೀಕ್ಷಿಸಿದರು. ವರ್ಷಗಟ್ಟಲೆ ನಡೆದ ಈ ವಿಚಾರಣೆಯ ಬಳಿಕ 2006ರಲ್ಲಿ ಭಾರತಕ್ಕೆ ಈ ಸೋಂಕಿನಿಂದ ಮುಕ್ತವಾದ ದೇಶವೆಂಬ ಮನ್ನಣೆ ದೊರೆಯಿತು. 2011ರಲ್ಲಿ ಭೂಮಂಡಲವೇ ದೊಡ್ಡರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಮನುಷ್ಯ ಪ್ರಯತ್ನದಿಂದ ನಿರ್ಮೂಲವಾದ ರೋಗಗಳು ಇದುವರೆಗೆ ಎರಡೇ, ಒಂದು ಸಿಡುಬು, ಇನ್ನೊಂದು ಇದು. ಸೂಜಿಯ ಕೆಲಸ ಅರ್ಧ. ಉಳಿದ ಅರ್ಧವನ್ನು ಮಾಡಿದವರು ಕೇಳಿದ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದ ಲಕ್ಷಾಂತರ ದನಗಾರರು. ಅವರ ಹೆಸರು ಯಾವ ವರದಿಯಲ್ಲಿಯೂ ಇಲ್ಲ.

ಇದು ಮಂದೆಯ ಕಾವಲಿನ ಮಾತಾಯಿತು. ಬೇನೆಯ ಪ್ರಾಣಿ ಗುಟ್ಟಾಗಿ ಮಾರಾಟವಾದರೆ ಬಹುತೇಕ ಹೋಗುವುದು ಕತ್ತಿಯ ಬಾಯಿಗೆ ಎಂದೆವಲ್ಲವೆ? ಅಲ್ಲಿಯೇ ಸರ್ಕಾರದ ಎರಡನೆಯ ಕಾವಲು, ಮಾಂಸದ ತಪಾಸಣೆ. ಇದನ್ನು ಪರದೇಶದವರು ತಂದ ಪದ್ಧತಿಯೆಂದು ತಿಳಿಯಬೇಡಿರಿ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎರಡನೆಯ ಅಧಿಕರಣದ ಇಪ್ಪತ್ತಾರನೆಯ ಅಧ್ಯಾಯ ಸೂನಾಧ್ಯಕ್ಷ ಎಂಬ ಅಧಿಕಾರಿಯದು. ಸೂನಾ ಎಂದರೆ ವಧಾಸ್ಥಾನ. ನಿಯಮಿತ ವಧಾಸ್ಥಾನದ ಹೊರಗೆ ಕಡಿದದ್ದು, ತಲೆ ಕಾಲುಗಳನ್ನು ತೆಗೆದುಹಾಕಿದ್ದು, ನಾರುವುದು, ತಾನಾಗಿ ಸತ್ತ ಪ್ರಾಣಿಯದು, ಇಂಥ ಮಾಂಸವನ್ನು ಮಾರಿದವನಿಗೆ ಹನ್ನೆರಡು ಪಣ ದಂಡ. ಕರು, ಗೂಳಿ, ಕರೆಯುವ ಹಸುಗಳನ್ನು ಕೊಂದವನಿಗೆ ಐವತ್ತು ಪಣ. ತಲೆ ಕಾಲು ಇರಬೇಕೆಂಬ ನಿಯಮದ ಜಾಣ್ಮೆಯನ್ನು ನೋಡಿರಿ. ಯಾವ ಪ್ರಾಣಿ, ಎಂಥ ಸ್ಥಿತಿಯಲ್ಲಿತ್ತು ಎಂಬುದನ್ನು ತಲೆ ಕಾಲುಗಳು ಹೇಳುತ್ತವೆ. ಸಾಕ್ಷಿಯನ್ನು ಮರೆಮಾಡಕೂಡದೆಂಬುದೇ ಅಲ್ಲಿಯ ತತ್ತ್ವ.

ಬಳ್ಳಾರಿ ಬ್ರಿಟಿಷರ ದೊಡ್ಡ ದಂಡಿನ ಠಾಣ್ಯವಾಗಿತ್ತು. ಕೌಲ್ ಬಜಾರ್ ಎಂಬ ಹೆಸರೇ ಆ ಕಾಲದ್ದು. ದೇಶದ ದಂಡು ಪ್ರದೇಶಗಳಲ್ಲಿ ಸಿಪಾಯಿಗಳ ಆರೋಗ್ಯಕ್ಕಾಗಿ ಮಾಂಸ ಹಾಲುಗಳ ಮೇಲೆ ಕಣ್ಣಿಡುವ ಏರ್ಪಾಟು ಊರಿನ ಸಾಮಾನ್ಯ ಜನರಿಗಿಂತ ಮೊದಲು ಬಂತು. ಊರಿನವರ ಪಾಲಿಗೆ ಅದನ್ನು ತಂದದ್ದು ಪುರಸಭೆಯ ಕಾನೂನು. ಮದರಾಸು ಜಿಲ್ಲಾ ಪುರಸಭೆಗಳ 1920ರ ಕಾಯಿದೆ ಸಾರ್ವಜನಿಕ ಕಸಾಯಿಖಾನೆಗಳನ್ನೂ ಅವುಗಳಿಗೆ ಪರವಾನಗಿಯನ್ನೂ ಕುರಿತು ವಿಧಿಸಿತು. ಇಂದು ದೇಶಕ್ಕೆಲ್ಲ ಅನ್ವಯಿಸುವ 2001ರ ಕಸಾಯಿಖಾನೆ ನಿಯಮಗಳು ಇನ್ನೂ ಖಚಿತವಾಗಿವೆ. ಪಶುವೈದ್ಯರು ಪ್ರಾಣಿಯನ್ನು ಜೀವಂತವಾಗಿ ನೋಡಿ ಯೋಗ್ಯವೆಂದು ಬರೆದುಕೊಟ್ಟಲ್ಲದೆ ಕಡಿಯಕೂಡದು. ಗಬ್ಬದ ಪ್ರಾಣಿಯನ್ನು ಕಡಿಯಕೂಡದು. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡಕೂಡದು. ನೋಟವು ನಿಜವಾದ ನೋಟವಾಗಲಿ, ತಲೆ ಎಣಿಕೆಯಾಗದಿರಲಿ ಎಂಬುದೇ ಈ ಮಿತಿಯ ಉದ್ದೇಶ.

ವೈದ್ಯರು ನೋಡುವುದಾದರೂ ಏನನ್ನು? ಜೀವಂತವಿರುವಾಗ ನಡೆ, ಉಸಿರು, ಕಣ್ಣು, ಮೂಗು, ಮೆಲುಕು, ಜ್ವರ. ಕಡಿದ ಮೇಲೆ ತಲೆ, ನಾಲಿಗೆ, ಗ್ರಂಥಿಗಳು, ಶ್ವಾಸಕೋಶ, ಯಕೃತ್ತು, ಹೃದಯ, ಗುಲ್ಮ. ಸಿರುಗುಪ್ಪದಂಥ ನೀರಾವರಿಯ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಿಜಯನಗರದ ಕಾಲದ ಕಾಲುವೆಗಳೂ 1953ರ ಬಳಿಕ ತುಂಗಭದ್ರಾ ಅಣೆಕಟ್ಟಿನ ನೀರೂ ಅಲ್ಲಿಗೆ ಬತ್ತವನ್ನು ತಂದವು. ನಿಂತ ನೀರಿನಲ್ಲಿ ಬಸವನಹುಳು ಬೆಳೆಯುತ್ತದೆ. ಅದರ ಮೂಲಕ ಯಕೃತ್ತಿನ ಚಪ್ಪಟೆ ಹುಳು ಹುಲ್ಲಿಗೆ, ಹುಲ್ಲಿನಿಂದ ಕುರಿ ಎಮ್ಮೆಗಳಿಗೆ. ಪ್ರಾಣಿ ಹೊರಗೆ ಸೊರಗಿದಂತೆ ಮಾತ್ರ ಕಾಣುತ್ತದೆ, ಕಾರಣ ಗೊತ್ತಾಗುವುದು ಯಕೃತ್ತನ್ನು ಸೀಳಿ ನೋಡಿದಾಗ. ಕಸಾಯಿಖಾನೆಯ ವೈದ್ಯರು ಆ ಸುದ್ದಿಯನ್ನು ಹಳ್ಳಿಯ ವೈದ್ಯರಿಗೆ ಮುಟ್ಟಿಸಿದರೆ ಆ ಊರಿನ ಇಡೀ ಮಂದೆಗೆ ಔಷಧ ಕುಡಿಸಬಹುದು. ಮುಟ್ಟಿಸದಿದ್ದರೆ ಹಾಳಾದ ಒಂದು ಯಕೃತ್ತನ್ನು ಎಸೆದಂತಾಯಿತು, ಅಷ್ಟೇ.

ಎಸೆಯುವುದರಲ್ಲಿಯೂ ಅಪಾಯವುಂಟು. ಕುರಿಯ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರಗುಳ್ಳೆಗಳು ಕಾಣುತ್ತವೆ. ಅದನ್ನು ನಾಯಿಗೆ ಎಸೆದರೆ ನಾಯಿಯ ಕರುಳಲ್ಲಿ ಸಣ್ಣ ಲಾಡಿಹುಳು ಬೆಳೆದು, ಅದರ ಮೊಟ್ಟೆ ಹುಲ್ಲಿಗೂ ಅಂಗಳದಲ್ಲಾಡುವ ಮಕ್ಕಳ ಕೈಗೂ ಸೇರುತ್ತದೆ. ವರ್ಷಗಳ ಅನಂತರ ಮನುಷ್ಯನ ಯಕೃತ್ತಿನಲ್ಲಿಯೇ ಅಂಥ ಗುಳ್ಳೆ ಏಳಬಹುದು. ಬೀದಿಬದಿಯಲ್ಲಿ ಕಡಿದು ಕರುಳು ಕಳಿಜಗಳನ್ನು ಅಲ್ಲಿಯೇ ಬಿಸುಡುವುದಕ್ಕೂ ಗೋಡೆಯೊಳಗಿನ ಕಸಾಯಿಖಾನೆಗೂ ಇರುವ ಭೇದ ಇದು. ನೆರಡಿ ರೋಗವೆಂಬ ಆಂಥ್ರಾಕ್ಸ್ ಇನ್ನೂ ಘೋರ. ಅದರಿಂದ ಸತ್ತ ಪ್ರಾಣಿಯ ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತದೆ. ಅಂಥ ಹೆಣವನ್ನು ಸುಲಿಯಕೂಡದು, ಕೊಯ್ಯಕೂಡದು. ಗಾಳಿ ತಗುಲಿದರೆ ರೋಗಾಣು ಗಟ್ಟಿಬೀಜವಾಗಿ ಮಾರ್ಪಟ್ಟು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ಇಡಿಯಾಗಿ ಹೂಳಬೇಕು. ತಾನಾಗಿ ಸತ್ತದ್ದನ್ನು ಮಾರಬೇಡವೆಂದ ಕೌಟಿಲ್ಯನಿಗೆ ರೋಗಾಣು ತಿಳಿದಿರಲಿಲ್ಲ, ಆದರೂ ನಿಯಮ ಸರಿಯಾಗಿತ್ತು.

ಮಾಂಸ ತಿನ್ನದ ಮನೆಯವರು ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸಬಾರದು. ಕಂದು ಹಾಕಿಸುವ ಬ್ರೂಸೆಲ್ಲಾ ರೋಗ ಕಾಯಿಸದ ಹಾಲಿನಿಂದಲೂ ಬರುತ್ತದೆ. ಆಂಥ್ರಾಕ್ಸ್ ಚರ್ಮ ಉಣ್ಣೆಗಳಿಂದಲೂ ತಗುಲುತ್ತದೆ. ಬಳ್ಳಾರಿ ತಳಿಯ ಕುರಿಯ ಒರಟು ಉಣ್ಣೆಯ ಕಂಬಳಿ ಯಾರ ಮನೆಯಲ್ಲಿಲ್ಲ?

ದೊಡ್ಡರೋಗ ಹೋಯಿತು, ಇನ್ನೇನು ಚಿಂತೆ ಎನ್ನುವಂತಿಲ್ಲ. ಅದರ ದಾಯಾದಿಯೊಂದು ಕುರಿ ಮೇಕೆಗಳಲ್ಲಿ ಉಳಿದಿದೆ. ವೈದ್ಯರು ಅದನ್ನು ಪಿ.ಪಿ.ಆರ್. ಎನ್ನುತ್ತಾರೆ, ನಮ್ಮ ಕಡೆಯ ಕುರಿಗಾರರು ಹಿರೇಬೇನೆ ಎನ್ನುತ್ತಾರೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ ತಮಿಳುನಾಡಿನಲ್ಲಿ ಕಂಡ ಬೇನೆಯಿಂದ. ಅದೇ ಜ್ವರ, ಅದೇ ಬಾಯಿಹುಣ್ಣು, ಅದೇ ಭೇದಿ, ಜೊತೆಗೆ ಕೆಮ್ಮು. ಒಳ್ಳೆಯ ಲಸಿಕೆ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. 2030ರ ಒಳಗೆ ಲೋಕದಿಂದ ಇದನ್ನೂ ನೀಗಿಸಬೇಕೆಂದು 2015ರಲ್ಲಿ ರಾಷ್ಟ್ರಗಳು ಸಂಕಲ್ಪ ಮಾಡಿವೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಬೇನೆ ಮತ್ತು ಬ್ರೂಸೆಲ್ಲಾ ರೋಗಗಳ ಮೇಲೆ ರಾಷ್ಟ್ರೀಯ ಕಾರ್ಯಕ್ರಮ ಹೂಡಿತು. ಲಸಿಕೆ ಹಾಕಿದ ದನದ ಕಿವಿಗೆ 12 ಅಂಕಿಗಳ ಬಿಲ್ಲೆಯನ್ನು ತೊಡಿಸುವ ಪದ್ಧತಿ ಬಂದಿದೆ.

ಕುರಿಗಾರನ ಲೆಕ್ಕ ಮಾತ್ರ ಹಳೆಯದೇ. ಕುರುಗೋಡಿನ ಬಯಲಿನಲ್ಲಿ ಹತ್ತು ಕುರಿ ಕೆಮ್ಮತೊಡಗಿದರೆ ಅವನ ಮುಂದೆ ಎರಡು ದಾರಿ. ಇಲಾಖೆಗೆ ತಿಳಿಸಿ ಕಾಯುವುದು ಒಂದು. ಭಾನುವಾರದ ಬೇಡಿಕೆಗೆ ಪಟ್ಟಣದ ಕಡೆ ಸಾಗಿಸಿಬಿಡುವುದು ಇನ್ನೊಂದು. ಎರಡನೆಯ ದಾರಿ ತೆರೆದಿರುವುದು ಪಟ್ಟಣದಲ್ಲಿ ಮೊಹರು ಕೇಳದೆ ಕೊಳ್ಳುವವರು ಇರುವುದರಿಂದ. ಅಂದರೆ ಹಳ್ಳಿಯ ಮುಚ್ಚುಮರೆಗೆ ಪಟ್ಟಣದ ಉದಾಸೀನವೂ ಹಣ ಕೊಡುತ್ತದೆ. ಇನ್ನು ಮೊಹರು ಒತ್ತುವವರು ಪ್ರಾಣಿಯನ್ನು ನೋಡದೆಯೇ ಒತ್ತಿದರೆ ಅದು ಬರಿಯ ಶಾಯಿ. ಕೇಳುವ ಕೊಳ್ಳುಗರಿದ್ದರೆ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

ಆದ್ದರಿಂದ ಪಟ್ಟಣದ ಮನೆಗಳವರಲ್ಲಿ ಒಂದು ಅರಿಕೆ. ಮಾಂಸ ಕೊಳ್ಳುವವರು, ಇದನ್ನು ಎಲ್ಲಿ ಕಡಿದದ್ದು, ವೈದ್ಯರು ನೋಡಿದರೆ ಎಂದು ಅಂಗಡಿಯವನನ್ನು ಕೇಳಬೇಕು. ಹಾಲು ಕೊಳ್ಳುವವರು, ಹಸುವಿಗೆ ಲಸಿಕೆ ಆಯಿತೆ ಎಂದು ಹಾಲಿನವನನ್ನು ಕೇಳಬೇಕು. ಹಳ್ಳಿಯಲ್ಲಿ ಬಂಧುಗಳಿದ್ದರೆ, ಮಂದೆಯಲ್ಲಿ ಬೇನೆ ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸಲು ಹೇಳಬೇಕು. 1962 ಎಂಬ ಸಹಾಯವಾಣಿಗೆ ದೂರವಾಣಿ ಮಾಡಿದರೂ ಆಗುತ್ತದೆ. ಹಾಗೆ ಹೇಳಿದವನನ್ನು ಊರಿಗೆ ಬೇನೆ ತಂದವನೆಂದು ಹಳಿಯದಿರುವುದು ಎಲ್ಲಕ್ಕಿಂತ ಮುಖ್ಯ. ಸುದ್ದಿ ಕೊಟ್ಟವನಿಗೆ ನಷ್ಟವಾಗದಂತೆ ನೋಡಿಕೊಂಡ ಊರಿನಲ್ಲಿ ಹಿರೇಬೇನೆಯೂ ಹೆಚ್ಚು ಕಾಲ ನಿಲ್ಲಲಾರದು.